ಅಪ್ಪನ ವಸಡು, ಅಪ್ಪನ ಫೋನು

ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಅಪ್ಪನಿಗೆ 62 ವರ್ಷ, ಶುಗರ್ ಇದೆ. ಬೆಳಿಗ್ಗೆ ಎದ್ದ ಕೂಡಲೇ ಫೋನ್ ಹಿಡಿದು ಕಾಫಿ ರೇಟು, ಮೆಣಸಿನ ರೇಟು ನೋಡಿಯೇ ಹಲ್ಲುಜ್ಜಲು ಹೋಗುತ್ತಾರೆ. ಈ ವರ್ಷ ಮಳೆ ಹಿಡಿಯುವ ಮುಂಚೆ ಒಂದು ದಿನ ಅವರು ಉಗಿದ ನೊರೆ ಕೆಂಪಗಿತ್ತು. ಕೇಳಿದರೆ, "ಎರಡು ವರ್ಷದಿಂದ ಹಾಗೇ ಕಣಮ್ಮ, ರಕ್ತ ಬರೋ ಕಡೆ ಬ್ರಷ್ ತಾಗಿಸೋದೇ ಇಲ್ಲ" ಅಂದರು.

ತುಂಬಾ ಜನ ಎಡವುವುದು ಇಲ್ಲೇ. ರಕ್ತ ಬರುವುದೇ ಅಲ್ಲಿ ಪಾಚಿ ಕೂತಿದೆ ಅಂತ. ಆ ಜಾಗ ಬಿಟ್ಟು ಉಜ್ಜಿದರೆ ಪಾಚಿ ಇನ್ನೂ ಜಾಸ್ತಿಯಾಗುತ್ತದೆ, ಕೆಲವೇ ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್‌ಗೆ ಅದು ಬಗ್ಗುವುದಿಲ್ಲ. ಬರೀ ಊತ, ರಕ್ತ ಇರುವಾಗಲೇ ನೋಡಿಕೊಂಡರೆ ವಸಡು ಮೊದಲಿನ ಹಾಗೆ ಆಗುತ್ತದೆ. ಬಿಟ್ಟರೆ ಹಲ್ಲು ಹಿಡಿದಿರುವ ಮೂಳೆ ಕರಗುತ್ತದೆ, ಕರಗಿದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಶುಗರ್ ಇದ್ದವರಿಗೆ ಇದು ಬೇಗ ಏರುತ್ತದೆ, ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ತರುವುದೂ ಕಷ್ಟ. ಬೀಡಿ, ಸಿಗರೇಟು ಸೇದುವವರಲ್ಲಿ ರಕ್ತ ಅಷ್ಟಾಗಿ ಕಾಣುವುದೇ ಇಲ್ಲ, ರೋಗ ಒಳಗೊಳಗೇ ಬೆಳೆಯುತ್ತದೆ. ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಜನಕ್ಕೆ ತೀವ್ರವಾದ ವಸಡಿನ ರೋಗ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ.

ಹಾಸನದಲ್ಲಿ ಡಾಕ್ಟರಿಗೆ ತೋರಿಸಿದೆವು. ಅವರು ಸಣ್ಣ ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸಿ ಒಂದೊಂದೇ ಅಳತೆ ಹೇಳುತ್ತಾ ಹೋದರು. 3 ಮಿಲಿಮೀಟರ್‌ವರೆಗೆ ಇದ್ದರೆ ತೊಂದರೆ ಇಲ್ಲವಂತೆ. ಅಪ್ಪನ ದವಡೆ ಹಲ್ಲಿನ ಹತ್ತಿರ 6 ಬಂತು. ಎರಡು ಸಲ ಹೋಗಿ ವಸಡಿನ ಒಳಗಿನವರೆಗೂ ಕ್ಲೀನ್ ಮಾಡಿಸಿದೆವು. ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಅದು ನಿಜವಲ್ಲ. ಮೂಳೆ ಮೊದಲೇ ಸವೆದಿರುತ್ತದೆ. ಸಂದಿ ತುಂಬಿದ್ದ ಗಟ್ಟಿ ಪಾಚಿ ಹೋಗಿ, ವಸಡಿನ ಊತವೂ ಇಳಿದಾಗ ಅದು ಗೊತ್ತಾಗುತ್ತದೆ ಅಷ್ಟೆ.

ಡಾಕ್ಟರ ಕೆಲಸ ಅಲ್ಲಿಗೆ ಮುಗಿಯಿತು, ಮಿಕ್ಕಿದ್ದೆಲ್ಲ ಮನೆಯಲ್ಲಿ, ದಿನಕ್ಕೆ ಎರಡು ಸಲ. ಫೋನ್ ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗಲೇ. 2 ನಿಮಿಷದ ಟೈಮರ್ ಇರುವ ಒಂದು ಆ್ಯಪ್ ಹಾಕಿಕೊಟ್ಟೆ. ಅದಕ್ಕೂ ಮುಂಚೆ ಅಪ್ಪ ಹೇಗೆ ಉಜ್ಜುತ್ತಿದ್ದರೋ ಹಾಗೇ ಉಜ್ಜಲು ಹೇಳಿ ಗಡಿಯಾರ ನೋಡಿದೆ, 40 ಸೆಕೆಂಡಿಗೇ ಬಾಯಿ ಮುಕ್ಕಳಿಸಿಬಿಟ್ಟರು! ಈಗ 30 ಸೆಕೆಂಡಿಗೊಮ್ಮೆ ಫೋನ್ ಸದ್ದು ಮಾಡುತ್ತದೆ, ಅಪ್ಪ ಬ್ರಷ್ಷನ್ನು ಬಾಯಿಯ ಇನ್ನೊಂದು ಭಾಗಕ್ಕೆ ತಿರುಗಿಸುತ್ತಾರೆ. ವಸಡು ಹಲ್ಲು ಸೇರುವ ಜಾಗಕ್ಕೆ ಓರೆಯಾಗಿ ಇಟ್ಟು ಮೆಲ್ಲಗೆ ಉಜ್ಜಬೇಕು, ಜೋರು ಬೇಡ. ರಾತ್ರಿ 9ಕ್ಕೆ ಇನ್ನೊಂದು ಅಲಾರಂ ಇದೆ, ಅದು ಹಲ್ಲಿನ ಸಂದಿಗೆ ಹಾಕುವ ಸಣ್ಣ ಬ್ರಷ್‌ಗೆ.

ಭಾನುವಾರ ಕಿಟಕಿ ಹತ್ತಿರ ನಿಂತು, ತುಟಿ ಎಳೆದು ವಸಡಿನ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಒಂದೇ ಜಾಗ, ಒಂದೇ ಬೆಳಕು. ಜೂನ್ ಫೋಟೋದಲ್ಲಿ ವಸಡು ಊದಿಕೊಂಡು ಹೊಳೆಯುತ್ತಿತ್ತು, ಆಗಸ್ಟ್‌ನದರಲ್ಲಿ ತಿಳಿ ಗುಲಾಬಿ, ಹಲ್ಲಿಗೆ ಅಂಟಿ ಕೂತಿದೆ. ಅದನ್ನು ನೋಡಿದ ಮೇಲೆ ಅಪ್ಪನಿಗೆ ನಾನು ಏನೂ ಹೇಳಬೇಕಾಗಿಲ್ಲ.

ಫೋಟೋ ನೋಡಿ ರೋಗ ಹೇಳುತ್ತೇವೆ ಅನ್ನುವ ಆ್ಯಪ್‌ಗಳೂ ಇವೆ. ಅವನ್ನೇ ನಂಬಿ ಕೂರಬೇಡಿ. ಆ 6 ಮಿಲಿಮೀಟರ್ ವಸಡಿನ ಒಳಗಡೆ ಇತ್ತು, ಕ್ಯಾಮೆರಾಗೆ ಅದು ಕಾಣುವುದಿಲ್ಲ. ಹಲ್ಲುಜ್ಜುವ ಆ್ಯಪ್ ನಿಮ್ಮ ಕಾಂಟ್ಯಾಕ್ಟ್ಸ್ ಕೇಳಿದರೆ ಕೊಡಬೇಡಿ, ಅದಕ್ಕೆ ಯಾಕೆ ಬೇಕು ಅಲ್ವಾ? ಇನ್ನು ನಮ್ಮ ಮಲೆನಾಡಿನಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ, ಹಾಗಾಗಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುವಂಥದ್ದನ್ನೇ ಹಾಕಿಕೊಳ್ಳಿ. ಯಾವುದೂ ಬೇಡ ಅಂದರೆ ಫೋನಿನಲ್ಲಿರುವ ಅಲಾರಮ್ಮೇ ಸಾಕು.

ಆಗಸ್ಟ್ ಕೊನೆಯಲ್ಲಿ ಮತ್ತೆ ಅಳೆದಾಗ ಆ 6 ಇದ್ದದ್ದು 4ಕ್ಕೆ ಬಂದಿತ್ತು. ಮೂರು ತಿಂಗಳಿಗೊಮ್ಮೆ ಬರಲೇಬೇಕು ಅಂದಿದ್ದಾರೆ. ಮುಂದಿನ ಸಲ ಬರುವುದು ನವೆಂಬರ್ ಕೊನೆಗೆ, ಸರಿಯಾಗಿ ಅರೇಬಿಕಾ ಕೊಯ್ಲಿನ ಹೊತ್ತಿಗೆ. ಕೊಯ್ಲು ಶುರುವಾದರೆ ಅಪ್ಪ ತೋಟ ಬಿಟ್ಟು ಕದಲುವವರಲ್ಲ. ಅದಕ್ಕೇ ಆ ತಾರೀಖನ್ನು ಅವರ ಫೋನಿನಲ್ಲಿ, ನನ್ನ ಫೋನಿನಲ್ಲಿ, ಕೊಯ್ಲಿನ ಉಸ್ತುವಾರಿ ನೋಡುವ ತಮ್ಮನ ಫೋನಿನಲ್ಲೂ ಈಗಲೇ ಹಾಕಿಟ್ಟಿದ್ದೇನೆ. ನಮಸ್ಕಾರ.