ನಮ್ಮ ಬೀದಿಯ ಸೋಬಾ ಅಂಗಡಿ

ನಮಸ್ಕಾರ ಎಲ್ಲರಿಗೂ. ಟೋಕಿಯೋದ ನಿಶಿಕಸಾಯ್‌ನಿಂದ ಮಾತಾಡುತ್ತಿದ್ದೇನೆ. ತೋಜಾಯ್ ರೈಲು ಮಾರ್ಗದಲ್ಲಿರುವ ಈ ಬಡಾವಣೆ ಇಲ್ಲಿನ ಭಾರತೀಯರಿಗೆಲ್ಲ ಗೊತ್ತು. ಐಟಿ ಕೆಲಸಕ್ಕೆ ಬಂದವರು ಇಲ್ಲಿ ಮನೆ ಮಾಡಿದರು, ಆಮೇಲೆ ಬಂದವರೂ ಅವರನ್ನು ಹುಡುಕಿಕೊಂಡು ಇಲ್ಲಿಗೇ ಬಂದರು. ಹಾಗಾಗಿ ದೋಸೆ ಸಿಗುತ್ತದೆ, ತೊಗರಿಬೇಳೆ ಸಿಗುತ್ತದೆ, ಸಂಜೆ ಪಾರ್ಕಿನಲ್ಲಿ ಒಮ್ಮೊಮ್ಮೆ ಕನ್ನಡವೂ ಕಿವಿಗೆ ಬೀಳುತ್ತದೆ. ಆದರೆ ಇವತ್ತು ನಿಮ್ಮನ್ನು ಕರೆದುಕೊಂಡು ಹೋಗುತ್ತಿರುವುದು ಇಂಡಿಯನ್ ಹೋಟೆಲಿಗಲ್ಲ. ನಮ್ಮ ಮನೆ ಹಿಂದಿನ ಬೀದಿಯ ಸೋಬಾ ನೂಡಲ್ಸ್ ಅಂಗಡಿಗೆ.

ಬಾಗಿಲ ಮುಂದೆ ತೂಗುತ್ತಿರುವ ಈ ನೀಲಿ ಬಟ್ಟೆ ನೋಡಿ. ಇದನ್ನು ನೋರೆನ್ ಅಂತಾರೆ. ಹೊರಗೆ ತೂಗುತ್ತಿದ್ದರೆ ಅಂಗಡಿ ತೆರೆದಿದೆ ಅಂತ. ಒಳಗೆ ತೆಗೆದಿಟ್ಟರೆ ಇವತ್ತಿಗೆ ಮುಗೀತು ಅಂತ. ಇಲ್ಲಿ ಬೆಳಿಗ್ಗೆ ಕಲಸಿದ ಹಿಟ್ಟು ಖಾಲಿಯಾದರೆ ಮಧ್ಯಾಹ್ನವೇ ನೋರೆನ್ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಬೇಗ ಹೊರಟೆ.

ಒಂದು ಮರದ ಕೌಂಟರ್, ಗೋಡೆ ಪಕ್ಕ ನಾಲ್ಕು ಟೇಬಲ್, ಅಷ್ಟೇ ಅಂಗಡಿ. ಗಂಡ ಒಲೆ ಮುಂದೆ, ಹೆಂಡತಿ ಟೇಬಲ್‌ಗಳ ನಡುವೆ. ಗಂಡನನ್ನು ತೈಶೋ, ಅಂದರೆ ಯಜಮಾನರು ಅಂತ ಕರೆಯುತ್ತೇವೆ, ಹೆಂಡತಿಯನ್ನು ಒಕಾಮಿಸಾನ್, ಅಂದರೆ ಯಜಮಾನಿ ಅಂತ. ಬೇರೆ ಗಿರಾಕಿಗಳ ಮುಖ ನಿಮಗೆ ಕಾಣಿಸುವುದಿಲ್ಲ. ಕೇಳದೆ ವಿಡಿಯೋ ಮಾಡಿದರೆ ಇಲ್ಲಿ ಜನರಿಗೆ ಬೇಜಾರಾಗುತ್ತದೆ. ನಿಮ್ಮ ತಟ್ಟೆ, ನಮ್ಮ ಒಲೆ, ಇವೆರಡನ್ನು ಬೇಕಾದಷ್ಟು ತೆಗೆದುಕೊಳ್ಳಿ ಅಂತ ತೈಶೋ ಒಪ್ಪಿದ್ದಾರೆ.

ಸೋಬಾ ಅಂದರೆ ಬಕ್‌ವೀಟ್. ಉತ್ತರ ಭಾರತದವರು ಉಪವಾಸದ ದಿನ ಪೂರಿ ಮಾಡುವ ಕುಟ್ಟು ಹಿಟ್ಟು ಇದೆಯಲ್ಲ, ಅದೇ. ಮೂರು ಮೂಲೆಯ ಪುಟ್ಟ ಬೀಜ. ಚಳಿ ಪ್ರದೇಶದಲ್ಲಿ, ಸಾರವಿಲ್ಲದ ಮಣ್ಣಿನಲ್ಲೂ ಬೇಗ ಬೆಳೆದು ಕೈಗೆ ಬರುತ್ತದೆ. ಭತ್ತ ಸರಿಯಾಗಿ ಬಾರದ ಗುಡ್ಡಗಾಡಿನ ಜನರ ಹೊಟ್ಟೆ ತುಂಬಿಸಿದ್ದು ಇದೇ. ಈಗ ಇದರ ಹೆಸರು ಹೇಳಿದರೆ ಎಲ್ಲರಿಗೂ ನೂಡಲ್ಸ್ ನೆನಪಾಗುತ್ತದೆ. ಬಿದಿರಿನ ಜಾಲರಿ ಮೇಲೆ ತಣ್ಣಗಿನ ಎಳೆಗಳು, ಪಕ್ಕದಲ್ಲಿ ಅದ್ದಿಕೊಳ್ಳಲು ಒಂದು ಬಟ್ಟಲು ತ್ಸುಯು. ಡಿಸೆಂಬರ್ 31ರ ರಾತ್ರಿ ಇದನ್ನು ತಿಂದೇ ವರ್ಷ ಮುಗಿಸಬೇಕು ಅಂತ ರೂಢಿ. ಆ ದಿನ ಈ ಪುಟ್ಟ ಅಂಗಡಿ ಮುಂದೆ ಬೀದಿ ತಿರುವಿನ ತನಕ ಸಾಲು.

ನನಗೆ ಕಷ್ಟ ಇದ್ದಿದ್ದು ಆ ತ್ಸುಯುವಿನಲ್ಲಿ. ನೋಡಲು ಬರೀ ಸೋಯಾ ಸಾಸ್ ಥರ ಇರುತ್ತದೆ. ಆದರೆ ಅದರ ರುಚಿಯೆಲ್ಲ ಒಣಗಿಸಿ ಹೆರೆದ ಮೀನಿನ ಸಾರದಿಂದ ಬರುವುದು. ನಮ್ಮ ಮನೆಯಲ್ಲಿ ಮೀನು ಮಾಂಸ ತಿನ್ನುವುದಿಲ್ಲ. ಮೊದಲ ದಿನವೇ ಒಕಾಮಿಸಾನ್‌ಗೆ ಹಾಗಂತ ಹೇಳಿದೆ. ಅವರು ಒಳಗೆ ಹೋಗಿ ಗಂಡನ ಜೊತೆ ಏನೋ ಮಾತಾಡಿ ಬಂದರು. ಸ್ವಲ್ಪ ಹೊತ್ತಿಗೆ ಸೋಬಾ ಬಂತು, ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪು. ಹೀಗೂ ತಿನ್ನುತ್ತಾರೆ, ಹಿಟ್ಟಿನ ಪರಿಮಳ ಹೀಗೇ ಚೆನ್ನಾಗಿ ಗೊತ್ತಾಗುವುದು ಅಂದರು. ನನಗೋಸ್ಕರ ಏನೋ ಹೊಂದಿಸಿಕೊಟ್ಟ ಹಾಗೆ ಅನಿಸಲೇ ಇಲ್ಲ. ಬೇರೆ ದೇಶದಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ ಹೇಳಿ?

ಈಗ ಇವತ್ತಿನ ಊಟಕ್ಕೆ ಬರೋಣ. ಇದಕ್ಕೆ ಸೋಬಾಗಾಕಿ ಅಂತ ಹೆಸರು. ತೈಶೋ ಕೈ ನೋಡಿ. ಹಿಡಿಕೆಯ ಪುಟ್ಟ ಪಾತ್ರೆಯಲ್ಲಿ ಸೋಬಾ ಹಿಟ್ಟು, ಮೇಲೆ ನೀರು. ಮೊದಲು ತಣ್ಣಗಿರುವಾಗಲೇ ಕದಡಿದರು. ಈಗ ಒಲೆ ಮೇಲಿಟ್ಟು ಮರದ ಕೋಲಿನಿಂದ ತಿರುವುತ್ತಿದ್ದಾರೆ. ಕೈ ನಿಲ್ಲಿಸುವ ಹಾಗಿಲ್ಲ. ಅಂಚಿನಲ್ಲಿ ಗಟ್ಟಿಯಾಗುತ್ತಿದೆ ನೋಡಿ, ಈಗ ನಡುವೆಯೂ. ಬಣ್ಣ ಬೂದಿ, ಮೈಯೆಲ್ಲ ಹೊಳಪು. ಪಾತ್ರೆ ಬಿಟ್ಟು ಒಂದೇ ಉಂಡೆಯಾಗಿ ಎದ್ದು ಬಂತು! ಮಂಡ್ಯ, ಹಾಸನ, ತುಮಕೂರಿನವರಿಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ, ಅಲ್ವಾ? ಇದು ಮುದ್ದೆ.

ಸುಮ್ನೆ ನೋಡಲು ಹಾಗೆ ಕಾಣುತ್ತದೆ ಅಂತಲ್ಲ. ಗೋಧಿಯ ಅಂಟು ರಾಗಿಯಲ್ಲಿ ಇಲ್ಲ, ಸೋಬಾದಲ್ಲೂ ಇಲ್ಲ. ಅದಕ್ಕೇ ಇದರ ಎಳೆ ತೆಗೆಯುವುದು ಕಷ್ಟ. ಎಂಟು ಪಾಲು ಸೋಬಾಕ್ಕೆ ಎರಡು ಪಾಲು ಗೋಧಿ ಹಿಟ್ಟು ಸೇರಿಸುವ ಅಂಗಡಿಗಳೇ ಜಾಸ್ತಿ. ಅಂಟಿಲ್ಲದ ಹಿಟ್ಟನ್ನು ಬಿಸಿನೀರಿನಲ್ಲಿ ಬೇಯಿಸಿ ತಿರುವಿದರೆ ಮಾತ್ರ ಹೀಗೆ ಹಿಡಿದುಕೊಳ್ಳುತ್ತದೆ. ಹಳೇ ಮೈಸೂರಿನ ಅಡುಗೆಮನೆಗೂ ಜಪಾನಿನ ಗುಡ್ಡದ ಹಳ್ಳಿಗೂ ಬೇರೆ ಬೇರೆಯಾಗಿ ಹೊಳೆದ ಉಪಾಯ ಒಂದೇ. ನೂಡಲ್ಸ್ ಬಂದಿದ್ದು ಆಮೇಲೆ. ಎಳೆ ಸೋಬಾದ ಹಳೆಯ ದಾಖಲೆ 1574ರದು, ನಾಗಾನೋ ಪ್ರಾಂತ್ಯದ ಕಿಸೋ ಕಣಿವೆಯ ಒಂದು ದೇವಸ್ಥಾನದಲ್ಲಿ ಸಿಕ್ಕಿದ್ದು. ಅದಕ್ಕೂ ಮೊದಲು ಜನ ಇದನ್ನು ಗಂಜಿ ಮಾಡಿ, ಹೀಗೆ ಉಂಡೆ ಮಾಡಿ ತಿನ್ನುತ್ತಿದ್ದರು.

ತಿನ್ನುವ ರೀತಿ ಬೇರೆ. ಚಾಪ್‌ಸ್ಟಿಕ್‌ನಲ್ಲಿ ಒಂದು ಚೂರು ಕಿತ್ತು, ಸೋಯಾ ಸಾಸ್‌ಗೆ ಮುಟ್ಟಿಸಿ, ಮೇಲೆ ಒಂದಿಷ್ಟು ವಸಾಬಿ, ಮೂಗಿಗೆ ಏರುವ ಖಾರದ ಹಸಿರು ಗೊಜ್ಜು. ನುಂಗುವುದಲ್ಲ, ಅಗಿಯಬೇಕು. ಹುರಿದ ಕಾಳಿನ ಘಮ, ಕೊನೆಗೆ ಒಂದು ಸಣ್ಣ ಸಿಹಿ. ಸೋಬಾ ಕೆಲವರಿಗೆ ಜೋರಾಗಿ ಅಲರ್ಜಿ ಆಗುತ್ತದೆ. ಇದು ಅಸಡ್ಡೆ ಮಾಡುವ ವಿಷಯವಲ್ಲ, ಮೊದಲ ಸಲ ತಿನ್ನುವವರು ಹುಷಾರಾಗಿರಿ.

ಊಟ ಮುಗಿದ ಮೇಲೆ ಈ ಕೆಂಪು ಪಾತ್ರೆ ಬರುತ್ತದೆ. ಒಳಗಿರುವುದು ಸೋಬಾಯು, ನೂಡಲ್ಸ್ ಬೇಯಿಸಿದ ನೀರು. ಉಳಿದ ತ್ಸುಯುವಿಗೆ ಬೆರೆಸಿಕೊಂಡು ಎಲ್ಲರೂ ಕುಡಿಯುತ್ತಾರೆ. ನನ್ನದು ಹಾಗೇ, ಉಪ್ಪು ಹಾಕಿಕೊಂಡು. ಚಳಿಯ ದಿನ ಇದಕ್ಕೆ ಸಮ ಬೇರೊಂದಿಲ್ಲ. ಆಮೇಲೆ ಬಿಲ್ ಕೊಟ್ಟು, ಊಟಕ್ಕೆ ಧನ್ಯವಾದ ಹೇಳುವ ಗೊಚಿಸೋಸಾಮಾ ಅನ್ನುವ ಮಾತು ಹೇಳಿದರೆ ಆಯಿತು. ಟಿಪ್ಸ್ ಇಲ್ಲಿ ಇಡುವುದಿಲ್ಲ. ಇಟ್ಟರೆ ದುಡ್ಡು ಮರೆತು ಹೋದಿರಿ ಅಂತ ಹಿಂದೆಯೇ ಓಡಿ ಬರುತ್ತಾರೆ.

ಇವತ್ತು ನನ್ನ ಬ್ಯಾಗಿನಲ್ಲಿ ಎರಡು ವಸ್ತು ಇವೆ. ಇಂಡಿಯನ್ ಅಂಗಡಿಯಿಂದ ತಂದ ರಾಗಿ ಹಿಟ್ಟು, ಮನೆಯಿಂದ ತಂದ ಸೊಪ್ಪಿನ ಸಾರು. ಹಿಂದಿನ ಸಲ ಮುದ್ದೆ ವಿಷಯ ಹೇಳಿದಾಗ ತೈಶೋ ಅದನ್ನು ನೋಡಲೇಬೇಕು ಅಂದಿದ್ದರು. ಮಧ್ಯಾಹ್ನದ ಗಿರಾಕಿಗಳು ಹೋದರು, ನೋರೆನ್ ಒಳಗೆ ಬಂತು. ಈಗ ಅದೇ ಪಾತ್ರೆ, ಅದೇ ಕೋಲು, ರಾಗಿ ಹಿಟ್ಟು. ಸೋಬಾ ಎರಡು ನಿಮಿಷಕ್ಕೆ ಆಗಿಬಿಡುತ್ತದೆ. ಇದು ಹಾಗಲ್ಲ, ಚೆನ್ನಾಗಿ ಬೇಯಬೇಕು ಅಂತ ನಾನು ಪಕ್ಕದಲ್ಲೇ ನಿಂತಿದ್ದೇನೆ. ಒಂದು ಗಂಟೂ ಇಲ್ಲದ ಹಾಗೆ ತಿರುವಿದರು. ಹಿಟ್ಟಿನ ಮೇಲೆ ಅಷ್ಟು ಹಿಡಿತ ಇರುವ ಕೈ ಅದು. ಒದ್ದೆ ಕೈಯಲ್ಲಿ ಉಂಡೆ ಕಟ್ಟಿದ್ದು ಮಾತ್ರ ನಾನು.

ಒಕಾಮಿಸಾನ್ ಮೊದಲ ತುತ್ತನ್ನು ಅಗಿದರು. ಸಾರಲ್ಲಿ ಅದ್ದಿ ಹಾಗೇ ನುಂಗಿ ಅಂತ ಗಂಟಲು ಮುಟ್ಟಿ ತೋರಿಸಿದೆ. ಎರಡನೇ ತುತ್ತು ಸಲೀಸಾಗಿ ಇಳಿಯಿತು. ತೈಶೋ ಬಟ್ಟಲಿನಲ್ಲಿ ಉಳಿದ ಸಾರಿಗೆ ಸೋಬಾಯು ಬೆರೆಸಿ ಕುಡಿದು, ಇದಕ್ಕೆ ಏನೇನು ಹಾಕಿದ್ದೀರಿ ಅಂತ ಕೇಳಿದರು. ತೊಗರಿಬೇಳೆ, ದಂಟಿನ ಸೊಪ್ಪು, ಹುಣಸೆಹಣ್ಣು, ಬೆಳ್ಳುಳ್ಳಿ, ಸಾರಿನ ಪುಡಿ ಅಂತ ಹೇಳಿದೆ. ಆರ್ಡರ್ ಬರೆಯುವ ಚೀಟಿಯ ಹಿಂದೆ ಎಲ್ಲವನ್ನೂ ಬರೆದುಕೊಂಡರು. ಮುಂದಿನ ಸಲ ಸಾರಿನ ಪುಡಿ ತರಬೇಕಂತೆ.