ಮಿದುಳಿನ ರಕ್ಷಣೆ ಮತ್ತು ಔಷಧೀಯ ಸಸ್ಯಗಳು

ಕೇಳುಗರಿಗೆ ನಮಸ್ಕಾರ.

ಮರೆಗುಳಿತನ ತರುವ ಆಲ್‌ಝೈಮರ್ ಕಾಯಿಲೆಗೆ ವೈದ್ಯರು ಬರೆದುಕೊಡುವ ಔಷಧಿಗಳಲ್ಲಿ ಗ್ಯಾಲಂಟಮೀನ್ ಒಂದು. ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗಿಡದಿಂದ ಸೋವಿಯತ್ ಒಕ್ಕೂಟ ಮತ್ತು ಬಲ್ಗೇರಿಯಾದ ವಿಜ್ಞಾನಿಗಳು 1950ರ ದಶಕದಲ್ಲಿ ಇದನ್ನು ಬೇರ್ಪಡಿಸಿದರು. ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಒಡೆಯುವ ಕಿಣ್ವವೊಂದು ನಮ್ಮ ಮಿದುಳಿನಲ್ಲಿದೆ. ಗ್ಯಾಲಂಟಮೀನ್ ಆ ಕಿಣ್ವವನ್ನು ತಡೆಯುವುದರಿಂದ, ಕಾಯಿಲೆಯಲ್ಲಿ ಕಡಿಮೆಯಾಗಿರುವ ಅಸಿಟೈಲ್‌ಕೋಲಿನ್ ಇನ್ನಷ್ಟು ಹೊತ್ತು ಉಳಿದು ಕೆಲಸ ಮಾಡುತ್ತದೆ. ಕಾಯಿಲೆ ಇದರಿಂದ ನಿಲ್ಲುವುದಿಲ್ಲ, ಲಕ್ಷಣಗಳು ಕೆಲಕಾಲ ಹಗುರವಾಗುತ್ತವೆ. ಅಮೆರಿಕದಲ್ಲಿ ಈ ಬಳಕೆಗೆ ಅನುಮತಿ ದೊರೆತದ್ದು 2001ರಲ್ಲಿ. ಅಂದರೆ ಗಿಡದಿಂದ ಗುಳಿಗೆಗೆ ಬರಲು ಸುಮಾರು ಅರ್ಧ ಶತಮಾನವೇ ಬೇಕಾಯಿತು.

ಈ ದೀರ್ಘ ಪರೀಕ್ಷೆಯನ್ನು ದಾಟದ ಸಸ್ಯಗಳನ್ನೂ ಮಿದುಳಿನ ರಕ್ಷಕಗಳೆಂದು ಮಾರುತ್ತಿರುವುದು ನನ್ನನ್ನು ಕಾಡುವ ಸಂಗತಿ. ಗಿಂಕ್ಗೊ ಎಂಬ ಮರದ ಎಲೆಯ ಸಾರವನ್ನೇ ನೋಡಿ. 75 ವರ್ಷ ಮತ್ತು ಅದಕ್ಕೂ ಮೇಲ್ಪಟ್ಟ 3,069 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 240 ಮಿಲಿಗ್ರಾಂ ಸಾರವನ್ನೂ ಉಳಿದವರಿಗೆ ಔಷಧಾಂಶವಿಲ್ಲದ ಗುಳಿಗೆಯನ್ನೂ ಕೊಟ್ಟು, ಸುಮಾರು 6 ವರ್ಷ ಗಮನಿಸಿದ ಅಧ್ಯಯನವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಮರೆಗುಳಿತನ ಬರುವುದನ್ನು ಗಿಂಕ್ಗೊ ತಗ್ಗಿಸಲಿಲ್ಲ. ಪ್ರಯೋಗಾಲಯದಲ್ಲಿ ಇದೇ ಸಾರ ನರಕೋಶಗಳನ್ನು ಹಾನಿಯಿಂದ ಕಾಪಾಡಿದ್ದುಂಟು. ಆದರೆ ನಾವು ನುಂಗಿದ ವಸ್ತು ಕರುಳಿನಲ್ಲಿ ಹೀರಲ್ಪಟ್ಟು, ಯಕೃತ್ತಿನ ಕ್ರಿಯೆಗೆ ಒಳಗಾಗಿ, ರಕ್ತದಿಂದ ಮಿದುಳಿಗೆ ಹೋಗುವುದನ್ನು ನಿಯಂತ್ರಿಸುವ ತಡೆಗೋಡೆಯನ್ನೂ ದಾಟಬೇಕು. ಅರಿಸಿನದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಮೊದಲ ಹಂತದಲ್ಲಿಯೇ ಸೋಲುತ್ತದೆ; ಕರುಳು ಅದನ್ನು ಹೀರಿಕೊಳ್ಳುವುದು ತೀರ ಕಡಿಮೆ.

ನೀರುಬ್ರಾಹ್ಮಿಯ ಬಗ್ಗೆ ಮಾತ್ರ ನನಗೆ ಭರವಸೆ ಹೆಚ್ಚು. ಬ್ಯಾಕೊಸೈಡ್‌ಗಳೆಂಬ ರಾಸಾಯನಿಕಗಳಿರುವ ಇದರ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ 12 ವಾರ ತೆಗೆದುಕೊಂಡ ಆರೋಗ್ಯವಂತರಲ್ಲಿ, ಕಲಿತದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ ತುಸು ಸುಧಾರಿಸಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆರೋಗ್ಯವಂತರ ನೆನಪು ಸುಧಾರಿಸುವುದೂ ಮುಪ್ಪಿನಲ್ಲಿ ಮರೆಗುಳಿತನವನ್ನು ತಡೆಯುವುದೂ ಬೇರೆ ಬೇರೆಯಾದ್ದರಿಂದ, ಎರಡನೆಯದಕ್ಕೆ ದೊಡ್ಡ ಸಂಖ್ಯೆಯ ಜನರಲ್ಲಿ ವರ್ಷಗಟ್ಟಲೆ ನಡೆಯುವ ಅಧ್ಯಯನವೇ ಆಗಬೇಕು.

ಗಿಡಮೂಲಿಕೆಯೆಂದರೆ ಅಪಾಯವಿಲ್ಲ ಎಂದು ಭಾವಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಔಷಧಿಯ ಜೊತೆಗೆ ಗಿಂಕ್ಗೊ ಸೇವಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ನೀರುಬ್ರಾಹ್ಮಿಯಿಂದ ಕೆಲವರಿಗೆ ವಾಕರಿಕೆ, ಹೊಟ್ಟೆನೋವು ಬರುತ್ತದೆ. ಆದ್ದರಿಂದ ಇಂಥ ಯಾವುದೇ ಸಾರವನ್ನು ಸೇವಿಸುತ್ತಿರುವವರು, ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮುನ್ನ, ಅದರ ಹೆಸರನ್ನೂ ಪ್ರಮಾಣವನ್ನೂ ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಬೇಕು.