ಬಳ್ಳಾರಿಯ ದೊಡ್ಡ ಹೋಟೆಲ್‌ನಲ್ಲಿ ಅಮ್ಮನ ಜೊತೆ: ಬೆಳಗಿನ ರೈಲಿಗೆ ಬಂದರೆ ರೂಮ್ ಯಾವಾಗ ಸಿಗುತ್ತೆ?

ಇದು ಲಾಬಿ. ಹೊಳೆಯುವ ನೆಲ, ಆ ದೊಡ್ಡ ದೀಪ, ಎಲ್ಲ ನಿಮಗೇ ಕಾಣುತ್ತಿದೆ. ಎಡಗಡೆ ಸೋಫಾದಲ್ಲಿ ಕಣ್ಣು ಮುಚ್ಚಿ ಕೂತವರು ನಮ್ಮ ಅಮ್ಮ. ನಿದ್ದೆ ಅಲ್ಲ, ಸುಸ್ತು. ಟೈಮ್ ಈಗ ಬೆಳಗ್ಗೆ ಆರು ಗಂಟೆ. ರೂಮ್ ಸಿಗುವುದು ಮಧ್ಯಾಹ್ನ ಎರಡಕ್ಕಂತೆ.

ಮೊದಲು ಹೋಟೆಲ್ ಯಾಕೆ ಅಂತ ಹೇಳಿಬಿಡುತ್ತೇನೆ. ಇಲ್ಲಾಂದರೆ ಕಾಮೆಂಟ್‌ನಲ್ಲಿ ಎಲ್ಲರೂ ಅದನ್ನೇ ಕೇಳುತ್ತೀರಿ. ಮಾವನ ಮಗಳ ಮದುವೆ. ಮಾವನ ಮನೆ ಕೌಲ್ ಬಜಾರ್‌ನಲ್ಲಿ. ಅಮ್ಮ ಹುಟ್ಟಿ ಬೆಳೆದಿದ್ದು ಅದೇ ಮನೆಯಲ್ಲಿ. ಆದರೆ ಈಗ ಮನೆ ತುಂಬ ನೆಂಟರು, ಮಲಗುವುದು ಮಹಡಿ ಮೇಲೆ, ಅಮ್ಮನಿಗೆ ಮೊಣಕಾಲು ನೋವು. ನೆಲದ ಟಾಯ್ಲೆಟ್‌ನಲ್ಲಿ ಕೂರಲು ಆಗಲ್ಲ. ಅದಕ್ಕೇ ಹೋಟೆಲ್ ಬುಕ್ ಮಾಡಿದೆ. ಮಾವ ಫೋನ್‌ನಲ್ಲಿ ಬೇಜಾರು ಮಾಡಿಕೊಂಡರು. "ಏನವ್ವ ತಂಗಿ, ತವರುಮನಿ ಇಟ್ಕೊಂಡು ಲಾಡ್ಜ್‌ನಾಗ ಇರ್ತೀಯೇನು?" ಅಂದರು. ಅಮ್ಮ ಏನೂ ಮಾತಾಡಲಿಲ್ಲ. ಅವರಿಗೂ ಮನಸ್ಸಿಗೆ ಚುಚ್ಚಿದೆ, ನನಗೆ ಗೊತ್ತು. ಆದರೆ ನೋವು ಇರುವವರಿಗೆ ಒಂದು ಒಳ್ಳೆ ಬಾತ್‌ರೂಮ್ ಬೇಕು. ಇದರಲ್ಲಿ ತವರಿಗೆ ಅವಮಾನ ಮಾಡಿದ ಹಾಗೇನೂ ಆಗಲ್ಲ.

ಸರಿ, ಈ ಎರಡು ಗಂಟೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ನಿಜವಾಗಲೂ ಸಿಟ್ಟು ತರಿಸಿತು.

ಬೆಂಗಳೂರಿನಿಂದ ಬಳ್ಳಾರಿಗೆ ಜನ ಹೇಗೆ ಬರುತ್ತಾರೆ? ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ, ಗುಂತಕಲ್ಲು ದಾಟಿದ ಮೇಲೆ ಬೆಳಗಿನ ಜಾವ ಇಲ್ಲಿ ಇಳಿಯುತ್ತಾರೆ. ರಾತ್ರಿ ಬಸ್ ಹತ್ತಿದವರದೂ ಅದೇ ಕಥೆ. ಅಂದರೆ ಊರಿಗೆ ಬರುವ ಅರ್ಧ ಜನ ಸೂರ್ಯ ಹುಟ್ಟುವ ಮುಂಚೆಯೇ ಬಾಗಿಲಲ್ಲಿ ನಿಂತಿರುತ್ತಾರೆ. ಸ್ಟೇಷನ್ ಹತ್ತಿರದ ಹಳೇ ಲಾಡ್ಜ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ 24 ಗಂಟೆ ಲೆಕ್ಕ. ಬೆಳಗ್ಗೆ ಆರಕ್ಕೆ ಹೋದರೆ ಮಾರನೇ ದಿನ ಆರರವರೆಗೆ ರೂಮ್ ನಿಮ್ಮದು. ಕೌಂಟರ್ ಮೇಲೆ ಒಂದು ಉದ್ದ ರಿಜಿಸ್ಟರ್, ಬಂದ ಸಮಯ ಬರೆಯುತ್ತಾರೆ, ಮುಗಿಯಿತು. ದೊಡ್ಡ ಹೋಟೆಲ್‌ಗೆ ಬಂದ ತಕ್ಷಣ ಆ ಅನುಕೂಲ ಹೋಯಿತು. ಇಲ್ಲಿ ಮಧ್ಯಾಹ್ನ ಎರಡಕ್ಕೆ ಒಳಗೆ, ಮಾರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಹೊರಗೆ. ಲೆಕ್ಕ ಹಾಕಿ. 21 ಗಂಟೆ. ಬಾಡಿಗೆ ಮಾತ್ರ ಪೂರ್ತಿ ದಿನದ್ದು.

ಈಗಲೇ ಬೇಕು ಅಂದರೆ? ಅರ್ಧ ದಿನದ ಬಾಡಿಗೆ ಜಾಸ್ತಿ ಕೊಡಬೇಕಂತೆ. ರೂಮ್ 4,500. ಅರ್ಧ ಅಂದರೆ 2,250. ಅದರ ಮೇಲೆ ಟ್ಯಾಕ್ಸ್. "ರೂಮ್ ಖಾಲಿ ಇದೆಯಾ?" ಅಂತ ಕೇಳಿದೆ. "ಇದೆ ಮೇಡಂ" ಅಂದ ಹುಡುಗ. ಸುಳ್ಳು ಹೇಳಲಿಲ್ಲ, ಅದು ಮೆಚ್ಚಿಕೊಳ್ಳಬೇಕು. ಆದರೆ ಖಾಲಿ ರೂಮ್ ಮೇಲೆ ಇರುವಾಗ ವಯಸ್ಸಾದವರು ಕೆಳಗೆ ಎಂಟು ಗಂಟೆ ಕೂರುವುದು ಯಾವ ನ್ಯಾಯ? ಅದೂ ಈ ಸೋಫಾದಲ್ಲಿ. ನೋಡಿ, ಎಷ್ಟು ತಗ್ಗಿದೆ. ಮೊಣಕಾಲು ನೋವಿರುವವರು ಇದರಲ್ಲಿ ಕೂತರೆ ಏಳಲು ಇಬ್ಬರು ಕೈ ಹಿಡಿಯಬೇಕು. ಲಾಬಿಯಲ್ಲಿ ಇಷ್ಟು ಖರ್ಚು ಮಾಡಿದ್ದಾರೆ. ಕೈಯಿರುವ, ನೆಟ್ಟಗೆ ಕೂರುವ ನಾಲ್ಕು ಕುರ್ಚಿ ಹಾಕಿಸಲು ಆಗುತ್ತಿರಲಿಲ್ಲವಾ?

ಇನ್ನೊಂದು. ಬುಕ್ ಮಾಡುವಾಗ ಚೆಕ್ ಇನ್ ಟೈಮ್ ಬರೆದಿತ್ತು, ನಾನು ನೋಡಿದ್ದೆ. ಅದಕ್ಕೇ ಹಿಂದಿನ ದಿನ ಫೋನ್ ಮಾಡಿ, ಬೆಳಗಿನ ರೈಲಿಗೆ ಬರುತ್ತೇವೆ, ಅಮ್ಮನಿಗೆ ಕಾಲು ನೋವು ಅಂತ ಹೇಳಿದ್ದೆ. "ಬನ್ನಿ ಮೇಡಂ, ನೋಡೋಣ" ಅಂದಿದ್ದರು. ಆ "ನೋಡೋಣ" ಇದೆಯಲ್ಲ, ಅದನ್ನು ನಂಬಿ ರೈಲು ಹತ್ತುವ ಹಾಗಿಲ್ಲ. ಆಗುತ್ತೆ, ಇಷ್ಟು ದುಡ್ಡಾಗುತ್ತೆ ಅಂತ ಹೇಳಿ. ಇಲ್ಲಾ, ಆಗಲ್ಲ ಅನ್ನಿ. ಯಾವುದು ಹೇಳಿದರೂ ನಾನು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತೇನೆ.

ಇಲ್ಲಿ ಸ್ವಲ್ಪ ಫಾರ್ವರ್ಡ್ ಮಾಡಿದ್ದೇನೆ. ಕಾಫಿ, ಗೋಡೆ ಮೇಲಿನ ಹಂಪಿಯ ಕಲ್ಲಿನ ರಥದ ಫೋಟೋ, ಮತ್ತೆ ಕಾಫಿ.

ಹಾಂ, ಇದು ನೋಡಿ. ನೀಲಿ ಸೀರೆ ಉಟ್ಟು ಬಂದವರು ಹೌಸ್‌ಕೀಪಿಂಗ್ ಅಕ್ಕ. ಡ್ಯೂಟಿಗೆ ಬರುತ್ತಿದ್ದ ಹಾಗೇ ಅಮ್ಮನನ್ನು ನೋಡಿದರು. "ಯಾಕಮ್ಮ ಹಿಂಗೆ ಕುಂತೀರಿ?" ಅಂತ ಕೇಳಿದರು. ಅಮ್ಮ ಕಾಲು ತೋರಿಸಿದರು. ಆಯಮ್ಮ ಒಳಗೆ ಹೋಗಿ ಡೈನಿಂಗ್ ಹಾಲ್‌ನಿಂದ ಎತ್ತರದ ಕುರ್ಚಿಯೊಂದನ್ನು ತಾವೇ ಎತ್ತಿಕೊಂಡು ಬಂದರು. ಫ್ಲಾಸ್ಕ್‌ನಲ್ಲಿ ಬಿಸಿನೀರು ಕೊಟ್ಟರು. ಇಬ್ಬರೂ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಶುರು ಹಚ್ಚಿಕೊಂಡರು. ಬಳ್ಳಾರಿ ಮಾತೇ ಹಾಗೆ. 1953ರವರೆಗೆ ಈ ಊರು ಮದ್ರಾಸ್ ರಾಜ್ಯದಲ್ಲಿತ್ತು, ಆಂಧ್ರ ಅಂದರೆ ಪಕ್ಕದ ಮನೆ. ಎರಡು ಭಾಷೆ ಇಲ್ಲದೆ ಇಲ್ಲಿ ತರಕಾರಿಯೂ ಕೊಳ್ಳಲ್ಲ. ರಿಸೆಪ್ಷನ್‌ನಲ್ಲಿ ಮಾತ್ರ ಮೊದಲ ಮಾತು ಇಂಗ್ಲಿಷ್, ಎರಡನೆಯದು ಹಿಂದಿ. ಅದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಬಳ್ಳಾರಿಯಲ್ಲಿ ಬಾಗಿಲು ತೆಗೆದ ತಕ್ಷಣ ಕನ್ನಡ ಕೇಳಬೇಕು.

ಒಂಬತ್ತೂವರೆಗೆ ಮ್ಯಾನೇಜರ್ ಬಂದರು. ಆ ಅಕ್ಕನೇ ಹೋಗಿ ಹೇಳಿದ್ದು. ಐದು ನಿಮಿಷದಲ್ಲಿ ಕೀ ಕಾರ್ಡ್ ಕೈಗೆ ಬಂತು, ಎಕ್ಸ್‌ಟ್ರಾ ದುಡ್ಡು ಇಲ್ಲ. ಖುಷಿಯಾಯಿತು, ಸುಳ್ಳು ಯಾಕೆ. ಆದರೆ ಒಬ್ಬರ ಒಳ್ಳೆಯತನದಿಂದ ಸಿಕ್ಕಿದ್ದು ಇದು. ಆಯಮ್ಮ ರಜಾ ಇದ್ದ ದಿನ ಬಂದವರ ಗತಿ ಏನು?

ರೂಮ್ ಟೂರ್. ಹಾಸಿಗೆ, ಟೀವಿ, ಕೆಟಲ್, ಸರಿ. ಎಸಿ ತುಂಬಾ ಚೆನ್ನಾಗಿದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು, ಎಸಿ ಕೈಕೊಟ್ಟರೆ ಮಿಕ್ಕ ಅಲಂಕಾರ ಏನಿದ್ದರೂ ದಂಡ.

ಪರದೆ ಸರಿಸುತ್ತೇನೆ, ತಡೆಯಿರಿ. ಬಂತಾ? ಅದೇ ಬಳ್ಳಾರಿ ಗುಡ್ಡ, ಮೇಲೆ ಕೋಟೆ. ಆ ಕಡೆ ಇರುವುದು ಕುಂಬಾರ ಗುಡ್ಡ. ಒಂದು ಕೋನದಿಂದ ನೋಡಿದರೆ ಮನುಷ್ಯನ ಮುಖದ ಥರ ಕಾಣುತ್ತೆ. ಅಮ್ಮ ಕಿಟಕಿ ಹತ್ತಿರ ನಿಂತು ಕಥೆ ಹೇಳುತ್ತಿದ್ದಾರೆ, ಆಡಿಯೋ ಸರಿಯಾಗಿ ಬಂದಿಲ್ಲ, ನಾನೇ ಹೇಳುತ್ತೇನೆ. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಈ ಕೋಟೆ ಗಟ್ಟಿ ಮಾಡಿಸಿದನಂತೆ. ಕೆಲಸ ಎಲ್ಲ ಮುಗಿದ ಮೇಲೆ ನೋಡಿದರೆ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ! ಅಲ್ಲಿ ತೋಪು ಇಟ್ಟರೆ ಕೋಟೆ ಹೋಯಿತು. ಆ ಸಿಟ್ಟಿಗೆ ಎಂಜಿನಿಯರ್‌ನನ್ನು ಕೋಟೆ ಬಾಗಿಲಲ್ಲೇ ಗಲ್ಲಿಗೆ ಹಾಕಿಸಿದನಂತೆ. ಊರವರೆಲ್ಲ ಹೇಳುವ ಕಥೆ ಇದು. ಅಮ್ಮ ಚಿಕ್ಕವರಿದ್ದಾಗ ಕೆಳಗಿನಿಂದ ತಲೆ ಎತ್ತಿ ನೋಡಿದ ಗುಡ್ಡ. ಇವತ್ತು ಎದುರಾ ಎದುರು ನೋಡುತ್ತಿದ್ದಾರೆ. ಈ ಕಿಟಕಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಬೆಳಗಿನ ಸಿಟ್ಟು ಅರ್ಧ ಇಳಿಯಿತು.

ಬಾತ್‌ರೂಮ್‌ನಲ್ಲಿ ಮತ್ತೆ ಏರಿತು. ಟಬ್ ಇದೆ, ಬಕೆಟ್ ಇಲ್ಲ. ಶವರ್ ಕೂಡ ಟಬ್ ಒಳಗೇ. ಅದರ ಅಂಚು ನೋಡಿ, ನನ್ನ ಮೊಣಕಾಲಿನ ಎತ್ತರ. ಕಾಲು ನೋವಿರುವವರು ಇದನ್ನು ದಾಟಿ ಇಳಿಯುವುದು ಹೇಗೆ? ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿಯೂ ಇಲ್ಲ. ಹಾಗೂ ಟಬ್ ತುಂಬಿಸಿ ಸ್ನಾನ ಮಾಡು ಅಂದರೆ ಅಮ್ಮ ಜನ್ಮದಲ್ಲಿ ಒಪ್ಪಲ್ಲ. "ಇಷ್ಟು ನೀರಾಗ ನಮ್ಮನಿ ಎರಡು ದಿನ ನಡೀತಿತ್ತಲ್ಲೇ" ಅಂದರು. ಬಳ್ಳಾರಿಯವರಿಗೆ ಈ ಮಾತು ಅರ್ಥವಾಗುತ್ತೆ. ನಲ್ಲಿ ನೀರು ಬರುವ ದಿನಕ್ಕೆ ಕಾದು, ಡ್ರಮ್, ಕೊಡ, ಪಾತ್ರೆ ಎಲ್ಲ ತುಂಬಿಸಿಟ್ಟುಕೊಂಡು ಬೆಳೆದವರು ನಾವು. ತುಂಗಭದ್ರಾ ಡ್ಯಾಮ್ ತುಂಬಿತಾ ಇಲ್ಲವಾ ಅನ್ನುವುದು ಇಲ್ಲಿ ಮನೆಮನೆ ಸುದ್ದಿ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಮಾವ ದಿನಾ ಫೋನ್ ಮಾಡಿ ಅದನ್ನೇ ಮಾತಾಡುತ್ತಿದ್ದರು. 33 ಗೇಟ್‌ನಲ್ಲಿ ಒಂದು ಹೋದರೂ ಇಡೀ ಜಿಲ್ಲೆಗೆ ನಿದ್ದೆ ಇಲ್ಲ. ಇಂಥ ಊರಲ್ಲಿ ಟಬ್ ಯಾಕೆ ಬೇಕು? ಆ ಜಾಗದಲ್ಲಿ ಒಂದು ಒಳ್ಳೆ ಶವರ್, ಗೋಡೆಗೆ ಹಿಡಿ, ಬಕೆಟ್, ಚೊಂಬು. ಸಾಕು.

ರಿಸೆಪ್ಷನ್‌ಗೆ ಫೋನ್ ಮಾಡಿದೆ. ಹತ್ತು ನಿಮಿಷದಲ್ಲಿ ಬಕೆಟ್, ಮಗ್, ಕೂರಲು ಪ್ಲಾಸ್ಟಿಕ್ ಸ್ಟೂಲ್, ಮೂರೂ ಬಂತು. ಟಬ್ ಪಕ್ಕದ ನೆಲದಲ್ಲೇ ಜಾಗ ಇತ್ತು, ನೀರು ಹೋಗಲು ಜಾಲರಿಯೂ ಇತ್ತು. ತಂದ ಹುಡುಗ, "ದಿನಾ ಯಾರಾದ್ರೂ ಕೇಳ್ತಾರ ಅಕ್ಕ" ಅಂದ. ದಿನಾ ಕೇಳುತ್ತಾರೆ ಅಂದಮೇಲೆ ಮೊದಲೇ ಇಟ್ಟುಬಿಡಿ ಅಲ್ವಾ?

ಮದುವೆ ಮನೆ ಇಲ್ಲಿ ಹಾಕಲ್ಲ, ಅದು ಬೇರೆ ವಿಡಿಯೋ. ಇದು ಮಾರನೇ ದಿನ ಬೆಳಗಿನ ತಿಂಡಿ.

ಬಫೆ. ಇಡ್ಲಿ, ವಡೆ, ಪೂರಿ, ಕೇಸರಿಬಾತ್, ಬ್ರೆಡ್ಡು, ಕಾರ್ನ್‌ಫ್ಲೇಕ್ಸ್, ಕಲ್ಲಂಗಡಿ, ಆ ಮೂಲೆಯಲ್ಲಿ ಆಮ್ಲೆಟ್. ಕ್ಯಾಮೆರಾ ಪೂರ್ತಿ ತಿರುಗಿಸಿದ್ದೇನೆ. ಏನಿಲ್ಲ ಹೇಳಿ? ಮಂಡಕ್ಕಿ ಒಗ್ಗರಣೆ ಇಲ್ಲ, ಮಿರ್ಚಿ ಬಜ್ಜಿ ಇಲ್ಲ! ಬಳ್ಳಾರಿಯ ಮಧ್ಯದಲ್ಲಿ ನಿಂತ ಹೋಟೆಲ್ ಇದು. ಹೊರಗೆ ಹೋದರೆ ಬೀದಿ ಬೀದಿಗೂ ಒಗ್ಗರಣೆ ಸಿಗುತ್ತೆ. ಒಳಗೆ ಕಾರ್ನ್‌ಫ್ಲೇಕ್ಸ್.

ಸುತ್ತ ಕೂತವರನ್ನು ನೋಡಿ. ಮುಖ ಕಾಣದ ಹಾಗೆ ಮಾಡಿದ್ದೇನೆ. ಕೊರಳಲ್ಲಿ ಐಡಿ ಕಾರ್ಡ್ ಇರುವವರು ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಕೆಲಸಕ್ಕೆ ಬಂದವರು. ಆ ಟೇಬಲ್ ಮೇಲೆ ಪ್ಯಾಂಟ್ ಸ್ಯಾಂಪಲ್ ಹರಡಿಕೊಂಡವರು ಜೀನ್ಸ್ ವ್ಯಾಪಾರಕ್ಕೆ ಬಂದವರು. ಬಳ್ಳಾರಿ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತೆ. ದೂರದಿಂದ ಬಂದ ಇವರೆಲ್ಲ ನಮ್ಮೂರಿನ ಒಂದು ತುತ್ತೂ ತಿನ್ನದೆ ವಾಪಸ್ ಹೋದರೆ ನನಗೆ ಹೊಟ್ಟೆ ಉರಿಯುತ್ತೆ.

ಕೌಂಟರ್‌ನಲ್ಲಿದ್ದ ಅಡುಗೆಯವರನ್ನು ಕೇಳಿಯೇಬಿಟ್ಟೆ. "ಅಣ್ಣಾ, ಒಗ್ಗರಣೆ ಮಾಡಲ್ವಾ?" ಅವರು ಹೇಳಿದ್ದು ಕೇಳಿ: "ಅಕ್ಕ, ಸ್ಟಾಫ್‌ಗೆ ದಿನಾ ಅದೇ. ಗೆಸ್ಟ್ ತಿಂತಾರೋ ಇಲ್ವೋ ಅಂತ ಇಡಂಗಿಲ್ಲ." ಅಯ್ಯೋ! ಒಳ್ಳೆಯದನ್ನು ಒಳಗಿಟ್ಟುಕೊಂಡು ನಮಗೆ ಬ್ರೆಡ್ ಸುಡುತ್ತಿದ್ದಾರೆ.

ಅವರೇ ಒಂದು ಪ್ಲೇಟ್ ತಂದರು, ಹತ್ತಿರದಿಂದ ತೋರಿಸುತ್ತೇನೆ. ಮಂಡಕ್ಕಿ ನೀರಲ್ಲಿ ಅದ್ದಿ, ತಕ್ಷಣ ಹಿಂಡಿ ತೆಗೆದಿದ್ದಾರೆ. ಜಾಸ್ತಿ ಹೊತ್ತು ಬಿಟ್ಟರೆ ಮುದ್ದೆಯಾಗುತ್ತೆ. ಇಲ್ಲಿ ನೋಡಿ, ಒಂದೊಂದು ಕಾಳೂ ಬಿಡಿಬಿಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನದ ಬಣ್ಣ. ಈ ಪುಡಿ ಪುಡಿ ಮೆತ್ತಿಕೊಂಡಿರುವುದು ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆ ಪುಡಿ, ಒಗ್ಗರಣೆಗೆ ರುಚಿ ಕೊಡುವುದೇ ಇದು. ಪಕ್ಕದಲ್ಲಿ ಮಿರ್ಚಿ, ಈಗ ಎಣ್ಣೆಯಿಂದ ತೆಗೆದದ್ದು. ಅಮ್ಮ ನಿಂಬೆಹಣ್ಣು ಕೇಳಿದರು, ಹಿಂಡಿಕೊಂಡರು, ಮಾತು ನಿಂತಿತು. ಪಕ್ಕದ ಟೇಬಲ್‌ನ ಐಡಿ ಕಾರ್ಡ್ ಅಣ್ಣ ಎದ್ದುಬಂದು ಇದೇನು ಅಂತ ಕೇಳಿದರು. ಅವರಿಗೂ ಒಂದು ಪ್ಲೇಟ್ ಬಂತು. ಆಮೇಲೆ ಇನ್ನೊಬ್ಬರಿಗೆ. ತಿನ್ನುವುದಿಲ್ಲ ಅಂದವರು ಯಾರು?

ನಿನ್ನೆ ಬೆಳಗ್ಗೆ ಈ ಹೋಟೆಲ್‌ಗೆ ಯಾರೂ ಬರಬೇಡಿ ಅಂತ ಹೇಳುವವಳಿದ್ದೆ. ಈಗ ಹಾಗೆ ಹೇಳಲ್ಲ. ಇಲ್ಲಿನ ಜನ ತುಂಬಾ ಒಳ್ಳೆಯವರು. ನಿಯಮ ಬರೆದವರು ಮಾತ್ರ ಬೆಳಗಿನ ರೈಲಿಗೆ ಬಳ್ಳಾರಿಗೆ ಬಂದವರಲ್ಲ. ಕಾರಿಡಾರ್‌ನಲ್ಲಿ ಆ ಅಕ್ಕ ಮತ್ತೆ ಸಿಕ್ಕಿದ್ದರು. ಒಂದು ರೂಮ್ ಬಿಟ್ಟ ಮೇಲೆ ಹಾಸಿಗೆ ಬದಲಿಸಿ, ಬಾತ್‌ರೂಮ್ ತಿಕ್ಕಿ, ಒಣಗಿಸಿ ಕೊಡಲು ಮುಕ್ಕಾಲು ಗಂಟೆ ಬೇಕಂತೆ. ಎಲ್ಲರೂ ಒಟ್ಟಿಗೆ ಖಾಲಿ ಮಾಡುತ್ತಾರೆ, ಕೆಲಸದವರು ಇರುವುದು ಕೆಲವೇ ಜನ. ಅದಕ್ಕೆ ಮಧ್ಯೆ ಸಮಯ ಬೇಕು, ಒಪ್ಪುತ್ತೇನೆ. ನಾನು ಕೇಳುವುದು ಇಷ್ಟೇ. ಹಿಂದಿನ ರಾತ್ರಿ ಖಾಲಿ ಉಳಿದ ರೂಮ್ ತೊಳೆದೇ ಇರುತ್ತೆ. ಅವುಗಳಲ್ಲಿ ನಾಲ್ಕೈದನ್ನು ರೈಲಿಗೆ ಬರುವ ವಯಸ್ಸಾದವರಿಗೆ, ಕೂಸು ಇರುವವರಿಗೆ ಕೊಡಿ. ದುಡ್ಡು ತೆಗೆದುಕೊಳ್ಳುವುದಾದರೆ ಗಂಟೆ ಲೆಕ್ಕದಲ್ಲಿ ತೆಗೆದುಕೊಳ್ಳಿ.

ಬಿಲ್ ತೋರಿಸುತ್ತೇನೆ, ಬೇಗ ಬೇಗ, ಬ್ಯಾಟರಿ ಕೆಂಪಾಗಿದೆ. ರೂಮ್ 4,500. ಜಿಎಸ್‌ಟಿ 5 ಪರ್ಸೆಂಟ್, 225. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ 12 ಪರ್ಸೆಂಟ್ ಇತ್ತು, ಇದೇ ರೂಮಿಗೆ 540 ಬೀಳುತ್ತಿತ್ತು. ದಿನಕ್ಕೆ 7,500ರವರೆಗಿನ ರೂಮಿಗೆ ಈಗಿನ 5 ಪರ್ಸೆಂಟ್, ಅದಕ್ಕಿಂತ ಮೇಲೆ ಹೋದರೆ 18. ನಿಮ್ಮ ಬಿಲ್‌ನಲ್ಲಿ ಸರಿಯಾಗಿ ನೋಡಿಕೊಳ್ಳಿ. ಊಟದ ಬಿಲ್‌ಗೆ ಸರ್ವಿಸ್ ಚಾರ್ಜ್ ಹಾಕಿಲ್ಲ, ಸಂತೋಷ. ಎಲ್ಲಾದರೂ ಹಾಕಿದರೆ ತೆಗೆಸಿ, ಅದನ್ನು ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ. ಒಪ್ಪದಿದ್ದರೆ 1915ಕ್ಕೆ ಫೋನ್ ಮಾಡಿ, ಗ್ರಾಹಕರ ಸಹಾಯವಾಣಿ ಅದು.

ನಮ್ಮ ರೈಲು ರಾತ್ರಿ, ರೂಮ್ ಬಿಡುವುದು ಹನ್ನೊಂದಕ್ಕೆ. ಬ್ಯಾಗ್‌ಗಳನ್ನು ಕೆಳಗೆ ಇಟ್ಟುಕೊಳ್ಳುತ್ತಾರೆ, ಅದಕ್ಕೆ ದುಡ್ಡಿಲ್ಲ. ಮ್ಯಾನೇಜರ್ ಒಂದು ಸಲಹೆ ಪುಸ್ತಕ ಕೊಟ್ಟರು. ಕುರ್ಚಿ, ಬಕೆಟ್, ಗೋಡೆಗೆ ಹಿಡಿ, ಬೆಳಗಿನ ರೂಮ್, ಎಲ್ಲ ಬರೆದಿದ್ದೇನೆ. ಆ ಅಕ್ಕ ಮಾಡಿದ ಸಹಾಯವನ್ನೂ ಬರೆದಿದ್ದೇನೆ. ಅಮ್ಮ ನನ್ನ ಕೈಯಿಂದ ಪೆನ್ ತೆಗೆದುಕೊಂಡು ಕೆಳಗೆ ದೊಡ್ಡ ಅಕ್ಷರದಲ್ಲಿ ಒಗ್ಗರಣೆ ಮಿರ್ಚಿ ಅಂತ ಸೇರಿಸಿದರು.

ಆಟೋ ಬಂತು. ಮಾವನ ಮನೆಗೆ ಹೋಗಿ ಊಟ ಮಾಡದೆ ಹೋದರೆ ಈ ಸಲ ಅವರು ಬಿಡಲ್ಲ. ಬರುತ್ತೇನೆ, ಬ್ಯಾಟರಿ ಹೋಗ್ತಾ ಇದೆ.